ಗಂಟೆ, ಹಲಗೆ, ಬುಟ್ಟಿ: ಕಲಿಕಾ ಮೂಲೆ ನಡೆಸುವ ಮೂರು ಬಗೆ

ತರಗತಿಯಲ್ಲಿ ನಾಲ್ಕು ಕಲಿಕಾ ಮೂಲೆ, ಒಂದೊಂದರಲ್ಲಿ ಒಂದೊಂದು ಕೆಲಸ, ಮೂಲೆಗೆ ಐದಾರು ಮಕ್ಕಳು, ಅದರಲ್ಲೊಂದು ಮೂಲೆಯಲ್ಲಿ ಶಿಕ್ಷಕಿ. ಇಷ್ಟರ ಬಗ್ಗೆ ಯಾರದೂ ತಕರಾರಿಲ್ಲ. ತಕರಾರು ಬರುವುದು ಮಕ್ಕಳು ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಹೋಗುವುದು ಹೇಗೆ ಎಂಬಲ್ಲಿ. ಐದರಿಂದ ಏಳು ವರ್ಷದ ಮಕ್ಕಳೊಂದಿಗೆ ಮೂರು ಬಗೆಯನ್ನೂ ನಡೆಸಿ ನೋಡಿದ ಮೇಲೆ ನಮಗೆ ಅನಿಸಿದ್ದು: ಓದು-ಬರಹಕ್ಕೆ ಒಗ್ಗುವ ಬಗೆ ಗಣಿತಕ್ಕೆ ಒಗ್ಗುವುದಿಲ್ಲ. ಎರಡಕ್ಕೂ ಒಂದೇ ವೇಳಾಪಟ್ಟಿ ಹಾಕಿದರೆ ಎರಡೂ ಸೊರಗುತ್ತವೆ.

ಗಂಟೆಯ ಸರದಿ

ಟೈಮರ್ ಬಾರಿಸಿದಾಗ ಎಲ್ಲ ಗುಂಪುಗಳೂ ಒಟ್ಟಿಗೆ ಮುಂದಿನ ಮೂಲೆಗೆ ಸರಿಯುತ್ತವೆ. ಮೂಲೆಗೆ 12 ನಿಮಿಷ, ಜಾಗ ಬದಲಿಸಲು 2 ನಿಮಿಷ ಎಂದರೆ ನಾಲ್ಕು ಮೂಲೆಗೆ 54 ನಿಮಿಷ ಬೇಕು. ಐದು ವರ್ಷದವರಿಗೆ ಇದು ಅತಿಯಾಯಿತು. ಇಂದು ಎರಡು, ನಾಳೆ ಎರಡು ಎಂದು ಒಡೆದುಕೊಳ್ಳುವುದು ಮೇಲು.

ಇದರ ದೊಡ್ಡ ಲಾಭವೆಂದರೆ ಪ್ರತಿ ಗುಂಪೂ ಶಿಕ್ಷಕಿಯ ಮೇಜಿಗೆ ಬಂದೇ ಬರುತ್ತದೆ. ಓದಿನ ಪಾಠ ಈ ಅಳತೆಗೆ ಚೆನ್ನಾಗಿ ಕೂರುತ್ತದೆ: ಹಿಂದಿನ ಅಕ್ಷರಗಳಿಗೆ 2 ನಿಮಿಷ, ಪದವನ್ನು ಧ್ವನಿಯಾಗಿ ಬಿಡಿಸಿ ಕೂಡಿಸುವುದಕ್ಕೆ 4, ಓದಿಗೆ 4, ಬರೆಯಲು 2. ಅಷ್ಟರಲ್ಲಿ ಪಕ್ಕದ ಮೂಲೆಯವರು ಮೊದಲ ಧ್ವನಿಯ ಮೇಲೆ ಚಿತ್ರ ವಿಂಗಡಿಸುತ್ತಿರಬಹುದು. ಎರಡು ತಟ್ಟೆ, ಎಂಟು ಚಿತ್ರ, ಒಂದು ತಟ್ಟೆಗೆ ‘ಮ’, ಇನ್ನೊಂದಕ್ಕೆ ‘ಕ’. ಇಲ್ಲಿ ಎಡವಟ್ಟಾಗುವುದು ಚಿತ್ರದಿಂದಲೇ. ಮರದ ಚಿತ್ರ ನೋಡಿ ಮಗು ‘ಗಿಡ’ ಎಂದುಕೊಂಡರೆ ಆ ಕಾರ್ಡಿಗೆ ಯಾವ ತಟ್ಟೆಯೂ ಇಲ್ಲ. ಹಾಗಾಗಿ ಶುರುವಿಗೆ ಮುಂಚೆ ಎಂಟಕ್ಕೂ ಎಲ್ಲರೂ ಒಟ್ಟಿಗೆ ಹೆಸರು ಹೇಳಬೇಕು. ಕಾರ್ಡಿನ ಬೆನ್ನಿಗೆ ತಟ್ಟೆಯದೇ ಬಣ್ಣದ ಚುಕ್ಕೆ ಇಟ್ಟರೆ ಸರಿ-ತಪ್ಪು ಕೇಳಲು ಯಾರೂ ಎದ್ದು ಬರುವುದಿಲ್ಲ. ಅಕ್ಷರ ಗುರುತಿಸುವ ಡಬ್ಬಿಗೆ ಮೊದಮೊದಲು ದ-ಧ, ವ-ಪ, ಮ-ಯ ಇಂಥ ಹೋಲುವ ಜೋಡಿಗಳನ್ನು ಒಟ್ಟಿಗೆ ಹಾಕಬೇಡಿ. ಒಂದು ಗಟ್ಟಿಯಾದ ಮೇಲೆ ಇನ್ನೊಂದು ಬರಲಿ.

ಗಣಿತಕ್ಕೆ ಬಂದರೆ ಇದೇ ಗಂಟೆ ಶತ್ರು. ದಾಳದ ಆಟ ಇಷ್ಟೇ ಹೊತ್ತಿಗೆ ಮುಗಿಯುತ್ತದೆ ಎಂದು ಹೇಳಲಾಗದು. ಒಂದು ಜೋಡಿ ಐದನೇ ನಿಮಿಷಕ್ಕೇ ಮುಗಿಸಿ ಕಾಯಿ ಎಸೆದಾಡುತ್ತಿರುತ್ತದೆ, ಇನ್ನೊಂದನ್ನು ಗೆಲುವಿನ ಅಂಚಿನಲ್ಲಿ ಎಬ್ಬಿಸಬೇಕಾಗುತ್ತದೆ. ಆಮೇಲಿನ ಮೂಲೆಯಲ್ಲಿ ಆ ಮುನಿಸು ಕಾಣದೆ ಇರದು.

ಆಯ್ಕೆ ಹಲಗೆ

ಹಲಗೆಯಲ್ಲಿ ಪ್ರತಿ ಮೂಲೆಯ ಚಿತ್ರ, ಅದರ ಕೆಳಗೆ ಕೆಲವು ಕೊಕ್ಕೆ. ಮಗು ತನ್ನ ಹೆಸರಿನ ಚೀಟಿ ತೂಗುಹಾಕಿ ಹೋಗುತ್ತದೆ. ಕೊಕ್ಕೆ ತುಂಬಿದ್ದರೆ ಬೇರೆ ಮೂಲೆ. ಕೊಕ್ಕೆಗಳ ಒಟ್ಟು ಲೆಕ್ಕ ಮಕ್ಕಳಿಗಿಂತ ಎರಡು ಮೂರು ಹೆಚ್ಚಿರಲಿ, ಸಮ ಇದ್ದರೆ ಕೊನೆಯವರಿಗೆ ಆಯ್ಕೆಯೇ ಉಳಿಯುವುದಿಲ್ಲ.

ಗಣಿತಕ್ಕೆ ನಮ್ಮ ಮತ ಇದಕ್ಕೇ, ಏಕೆಂದರೆ ಆಟ ಮುಗಿಯುವ ತನಕ ಆಡಬಹುದು. ಒಂದರಿಂದ ಹತ್ತರವರೆಗೆ ಒಂದೇ ಸಾಲಿನಲ್ಲಿ ಮನೆಗಳಿರುವ ಆಟವನ್ನು ಸಂಶೋಧಕರಾದ ರಮಣಿ ಮತ್ತು ಸೀಗ್ಲರ್ 2008ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಪುಟ್ಟ ಮಕ್ಕಳಿಗೆ ಆಡಿಸಿದ್ದರು. ಕೆಲವೇ ಸಲ ಆಡಿದ್ದಕ್ಕೇ ಎಣಿಕೆ, ಅಂಕಿ ಗುರುತಿಸುವುದು, ಯಾವುದು ದೊಡ್ಡದು ಎಂಬ ಅಂದಾಜು ಎಲ್ಲವೂ ಸುಧಾರಿಸಿದವು. ಮನೆಗಳಲ್ಲಿ ಅಂಕಿಯ ಬದಲು ಬರೀ ಬಣ್ಣವಿದ್ದ ಆಟದಿಂದ ಆ ಫಲ ಸಿಗಲಿಲ್ಲ. ಮಾಡಿಕೊಳ್ಳುವುದು ಸುಲಭ: ಉದ್ದನೆಯ ರಟ್ಟಿನ ಪಟ್ಟಿ, ಎಡದಿಂದ ಬಲಕ್ಕೆ ಹತ್ತು ಸಮ ಮನೆ, ಎರಡು ಕಾಯಿ, ಒಂದು ಮತ್ತು ಎರಡು ಮಾತ್ರ ಬರೆದಿರುವ ತಿರುಗುಮುಳ್ಳು. ಆರರ ದಾಳ ಹಾಕಿದರೆ ಎರಡೇ ಎಸೆತಕ್ಕೆ ಆಟ ಮುಗಿದುಬಿಡಬಹುದು.

ಆದರೆ ಗುಟ್ಟು ಇರುವುದು ಬಾಯಲ್ಲಿ. ನಾಲ್ಕನೇ ಮನೆಯಲ್ಲಿರುವ ಮಗುವಿಗೆ ಎರಡು ಬಿದ್ದರೆ ಅದು ‘ಐದು, ಆರು’ ಎನ್ನುತ್ತ ಹೆಜ್ಜೆ ಇಡಬೇಕು. ಮಕ್ಕಳನ್ನು ಅವರಷ್ಟಕ್ಕೆ ಬಿಟ್ಟರೆ ‘ಒಂದು, ಎರಡು’ ಎಂದು ಸರಿಸಿ ಮುಗಿಸುತ್ತಾರೆ, ಮನೆಯ ಅಂಕಿಯತ್ತ ಕಣ್ಣೇ ಹಾಯುವುದಿಲ್ಲ. ಅಂಕಿ ಹೇಳದೆ ಸರಿಸಿದರೆ ಕಾಯಿ ಹಿಂದಕ್ಕೆ, ಕಿವಿಗೊಟ್ಟು ಕೇಳುವ ಕೆಲಸ ಜೊತೆಗಾರರದು ಎಂಬ ನಿಯಮ ಇಟ್ಟುಕೊಂಡರೆ ಶಿಕ್ಷಕಿ ಪಕ್ಕದಲ್ಲಿ ನಿಲ್ಲಬೇಕಾಗಿಲ್ಲ. ಹತ್ತರ ಚೌಕಟ್ಟಿಗೂ (ಐದು ಮನೆಯ ಎರಡು ಸಾಲು) ಈ ಪದ್ಧತಿಯೇ ಸರಿ: ದಾಳ ಹಾಕಿ ಮನೆ ತುಂಬುವುದು, ತುಂಬಲು ಇನ್ನೆಷ್ಟು ಬೇಕು ಎಂದು ಹೇಳುವುದು. ದಾಳವನ್ನು ಮುಚ್ಚಳವಿರುವ ಪಾರದರ್ಶಕ ಡಬ್ಬಿಯಲ್ಲೇ ಇಟ್ಟು ಅಲುಗಿಸಲಿ, ಇಲ್ಲದಿದ್ದರೆ ಅರ್ಧ ಹೊತ್ತು ಮೇಜಿನ ಕೆಳಗೆ ಹುಡುಕಾಟ.

ಓದು-ಬರಹಕ್ಕೆ ಹಲಗೆ ಸೋಲುತ್ತದೆ. ಯಾರಿಗೆ ಬರೆಯುವುದು ಕಷ್ಟವೋ ಅವರೇ ಬರೆಯುವ ಮೂಲೆಯನ್ನು ತಪ್ಪಿಸುತ್ತಾರೆ. ಮಾಡಲೇಬೇಕಾದ ಕೆಲಸಕ್ಕೆ ಕೆಂಪು ಚೀಟಿ ಅಂಟಿಸಿ, ಅದು ಮೊದಲು, ಉಳಿದದ್ದು ಆಮೇಲೆ ಎಂದರೆ ತುಸು ಹತೋಟಿಗೆ ಬರುತ್ತದೆ. ಅಷ್ಟಾದರೂ ಆಟದ ನಡುವಿನಿಂದ ಶಿಕ್ಷಕಿಯ ಮೇಜಿಗೆ ಕರೆದ ಮಗುವಿನ ಮನಸ್ಸು ಹಿಂದೆಯೇ ಉಳಿದಿರುತ್ತದೆ.

ಸುತ್ತುವ ಬುಟ್ಟಿ

ಮಕ್ಕಳು ಕೂತಲ್ಲೇ, ಸಾಮಾನಿನ ಬುಟ್ಟಿ ಮಾತ್ರ ಗುಂಪಿನಿಂದ ಗುಂಪಿಗೆ. ಬದಲಾವಣೆ ಅರ್ಧ ನಿಮಿಷದ ಕೆಲಸ. ಕೋಣೆ ಇಕ್ಕಟ್ಟಾಗಿದ್ದರೆ ಅಥವಾ ವರ್ಷದ ಮೊದಲ ವಾರಗಳಾದರೆ ಇದೇ ಸಾಕು. ಮರಳಿನ ತಟ್ಟೆಯಂಥದ್ದು ಇದಕ್ಕೆ ಆಗಿಬರುವುದಿಲ್ಲ. ಎರಡನೇ ಬುಟ್ಟಿಯ ಹೊತ್ತಿಗೆ ಚಿಕ್ಕವರು ಕೂತಲ್ಲೇ ಮಿಸುಕಾಡುತ್ತಾರೆ, ನಡುವೆ ಒಮ್ಮೆ ಎಬ್ಬಿಸಿ ಕುಣಿಸಿ. ಬಿಡಿಭಾಗ ಬೆರೆತುಹೋಗದಿರಲು ಮುಚ್ಚಳದ ಒಳಗೆ ಚಿತ್ರ ಮತ್ತು ಲೆಕ್ಕ ಅಂಟಿಸಬೇಕು: 20 ಬಟನ್, 1 ದಾಳದ ಡಬ್ಬಿ, 2 ಹತ್ತರ ಚೌಕಟ್ಟು. ಕೊನೆಯ ನಿಮಿಷದಲ್ಲಿ ಮಕ್ಕಳೇ ಎಣಿಸಿ ತುಂಬಲಿ, ಅದೂ ಗಣಿತವೇ.

ಯಾವ ಬಗೆ ಹಿಡಿದರೂ ಶಿಕ್ಷಕಿಯ ಮೇಜಿಗೆ ಪದೇ ಪದೇ ‘ಮಿಸ್, ಇದು ಹೇಗೆ?’ ಎಂದು ಬರುತ್ತಿದ್ದರೆ ಕಾರಣ ಬಹುಪಾಲು ಒಂದೇ: ಮಕ್ಕಳಿಗೆ ಇನ್ನೂ ಹೊಸದಾದ ಕೆಲಸವನ್ನು ಸ್ವಂತವಾಗಿ ಮಾಡುವ ಮೂಲೆಗೆ ಇಟ್ಟಿರುತ್ತೇವೆ. ಶಿಕ್ಷಕಿಯ ಮುಂದೆ ಕನಿಷ್ಠ ಎರಡು ಸಲ ಮಾಡಿದ್ದನ್ನೇ ಅಲ್ಲಿಗೆ ಕಳಿಸಿ, ವಾರಕ್ಕೆ ಒಂದು ಮೂಲೆಯನ್ನಷ್ಟೇ ಬದಲಿಸಿ. ಜಾಗ ಬದಲಿಸಲು 3 ನಿಮಿಷ ದಾಟುತ್ತಿದ್ದರೆ ಒಂದು ದಿನ ಸಾಮಾನು ಏನೂ ಇಡದೆ ಬರೀ ಓಡಾಟವನ್ನೇ ಅಭ್ಯಾಸ ಮಾಡಿಸಿ.