15 ಲೀಟರ್ ಎಣ್ಣೆ 15 ಕಿಲೋ ಅಲ್ಲ: ಡಬ್ಬ ಕೊಳ್ಳುವವರು ಎಚ್ಚರ

ಮುಂಬೈ ಹತ್ತಿರದ ಡೊಂಬಿವಲಿ, ಠಾಣೆ ಕಡೆ ಮೆಸ್ ನಡೆಸುವವರು, ಹಬ್ಬದ ತಿಂಡಿಗೆ ಆರ್ಡರ್ ಹಿಡಿಯುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ಚೌತಿ ಹತ್ತಿರ ಬಂತು, ಎಣ್ಣೆ ಡಬ್ಬ ತರಿಸುವ ಹೊತ್ತು.

ನಮ್ಮ ಅತ್ತಿಗೆ ಮನೆಯಲ್ಲೇ ಚಕ್ಕುಲಿ, ಕೋಡುಬಳೆ ಮಾಡಿ ಮಾರುತ್ತಾರೆ. ಹೋದ ದೀಪಾವಳಿಗೆ ಸಗಟು ಅಂಗಡಿಯವನೊಬ್ಬ ಫೋನಿನಲ್ಲಿ, "ಕಿಲೋಗೆ 140, 15 ಕಿಲೋ ಡಬ್ಬ 2,100" ಎಂದ. ದುಡ್ಡು ಮೊದಲೇ ಹೋಯಿತು. ಬಂದದ್ದು 15 ಲೀಟರ್ ಡಬ್ಬ. ಅತ್ತಿಗೆ ಅಂಗಡಿಗೇ ಹೋಗಿ ಕೇಳಿದರೆ ಆತ ಡಬ್ಬವನ್ನು ಎತ್ತಿ ತಕ್ಕಡಿ ಮೇಲಿಟ್ಟ. ಹದಿನಾಲ್ಕೂವರೆ ದಾಟಿತು. "ನೋಡಿ ಭಾಭೀ, ಹದಿನೈದರ ಹತ್ತಿರವೇ ಇದೆ" ಅಂತ ಸಾಗಹಾಕಿದ. ಬರೀ ತಗಡೇ ಒಂದು ಕಿಲೋ ಹತ್ತಿರ ತೂಗುತ್ತದೆ ಅನ್ನುವುದನ್ನು ಹೇಳಲಿಲ್ಲ. ನನಗೆ ಸಿಟ್ಟು ಬಂದದ್ದು ಇಲ್ಲಿಗೇ.

ನೀರಾದರೆ ಲೀಟರಿಗೆ ಒಂದು ಕಿಲೋ. ಎಣ್ಣೆ ಹಗುರ, ಲೀಟರಿಗೆ ಸುಮಾರು 910 ಗ್ರಾಂ. ಹಾಗಾಗಿ 15 ಲೀಟರ್ ಅಂದರೆ 13.65 ಕಿಲೋ. ಕಿಲೋಗೆ 140ರಂತೆ ಅದರ ಬೆಲೆ 1,911. ಒಂದು ಡಬ್ಬಕ್ಕೆ 189 ರೂಪಾಯಿ ಹೆಚ್ಚು ಕೊಟ್ಟಂತಾಯಿತು. ಮನೆಯಲ್ಲಿ ಕೂತು ಕರಿದು ಮಾರುವವರಿಗೆ ಲಾಭವೇ ಅಷ್ಟಿರುತ್ತದೆ. ನಿಜವಾದ 15 ಕಿಲೋ ಡಬ್ಬದಲ್ಲಿ ಹದಿನಾರೂವರೆ ಲೀಟರ್ ಹತ್ತಿರ ಎಣ್ಣೆ ಇರಬೇಕು. ಲೀಟರನ್ನು 0.91ರಿಂದ ಗುಣಿಸಿದರೆ ಕಿಲೋ, ಕಿಲೋವನ್ನು 0.91ರಿಂದ ಭಾಗಿಸಿದರೆ ಲೀಟರ್. ಮೊಬೈಲಿನಲ್ಲೇ ಆಗುವ ಲೆಕ್ಕ.

ಸಣ್ಣ ಪ್ಯಾಕೆಟ್ಟಿನಲ್ಲೂ ಇದೇ ಕಥೆ. ಲೀಟರಿನ ಪ್ಯಾಕೆಟ್ಟಿನ ಹಾಗೇ ಕಾಣುತ್ತದೆ, ಒಳಗೆ 800 ಅಥವಾ 750 ಗ್ರಾಂ ಇರುತ್ತದೆ. 750 ಗ್ರಾಂ ಎಂದರೆ ಸುಮಾರು 825 ಮಿಲಿಲೀಟರ್ ಅಷ್ಟೆ. ಹಿಂದೆ ಕೆಲವರು ಲೀಟರಿನ ತೂಕವನ್ನು 60 ಡಿಗ್ರಿ ಉಷ್ಣಾಂಶದ ಲೆಕ್ಕದಲ್ಲಿ ಬರೆಯುತ್ತಿದ್ದರು. ಬಿಸಿಗೆ ಎಣ್ಣೆ ಹಿಗ್ಗುತ್ತದೆ, ಅದೇ ಲೀಟರಿನಲ್ಲಿ ತೂಕ ಕಡಿಮೆಯಾಗುತ್ತದೆ. ಉಷ್ಣಾಂಶ ಬರೆಯದೆ ಪ್ರಮಾಣ ನಮೂದಿಸಿ ಎಂದು ಕೇಂದ್ರ ಸರ್ಕಾರ 2022ರಲ್ಲಿ ಕಂಪನಿಗಳಿಗೆ ಹೇಳಿತು.

ದುಡ್ಡು ಕೊಡುವ ಮೊದಲು ಡಬ್ಬದ ಮೇಲೆ ನಿವ್ವಳ ತೂಕ ಎಷ್ಟಿದೆ ಓದಿ. ಬಿಲ್ಲಿನಲ್ಲಿ ಬರೀ "15ರ ಡಬ್ಬ" ಎಂದು ಬರೆಸಿಕೊಳ್ಳಬೇಡಿ, ಕಿಲೋನೋ ಲೀಟರೋ ಸ್ಪಷ್ಟವಾಗಿರಲಿ. ಅತ್ತಿಗೆಯ ಹತ್ತಿರ ಬಿಲ್ಲೇ ಇರಲಿಲ್ಲ, ಕೊಡು ಅಂದರೂ ಆತ ಕೊಡಲಿಲ್ಲ, ದುಡ್ಡೂ ವಾಪಸ್ ಬರಲಿಲ್ಲ. ಬಿಲ್ಲು ಇದ್ದವರು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ.