ಶಾನಿಯಾ ಟ್ವೈನ್ ಮೊದಲೋ, ಡಿಕ್ಸೀ ಚಿಕ್ಸ್ ಮೊದಲೋ?

2000ದ ಆಸುಪಾಸಿನ ಅಮೆರಿಕದ ಕಂಟ್ರಿ ಸಂಗೀತ (ಅಲ್ಲಿನ ಹಳ್ಳಿಗಾಡಿನ ಜನಪದದಿಂದ ಬೆಳೆದ ಸಂಗೀತ) ಕೇಳಲು ಶುರು ಮಾಡುವವರ ಮುಂದೆ ನಾನು ಎರಡು ಆಲ್ಬಂ ಇಡುತ್ತೇನೆ: ಶಾನಿಯಾ ಟ್ವೈನ್‌ರ ‘ಕಮ್ ಆನ್ ಓವರ್’ (1997), ಮೂವರು ಹೆಣ್ಣುಮಕ್ಕಳ ತಂಡ ಡಿಕ್ಸೀ ಚಿಕ್ಸ್ ಅವರ ‘ಫ್ಲೈ’ (1999). ಅಮೆರಿಕದಲ್ಲೇ ಎರಡೂ ಆಲ್ಬಂಗಳ ಮಾರಾಟ ಒಂದು ಕೋಟಿ ಪ್ರತಿ ಮುಟ್ಟಿತು. ಶಾನಿಯಾರದ್ದು ಎರಡು ಕೋಟಿ.

ಇಂಗ್ಲಿಷ್ ಪಾಪ್ ಕೇಳಿ ಬೆಳೆದ ಕಿವಿಗೆ ಶಾನಿಯಾ ಸಲೀಸು. ನಿರ್ಮಾಪಕ ಮಟ್ ಲ್ಯಾಂಗ್ ರಾಕ್ ತಂಡಗಳ ಜೊತೆ ಪಳಗಿದವರು, ಹಾಗಾಗಿ ಪಲ್ಲವಿ ಒಂದೇ ಸಲಕ್ಕೆ ನಾಲಿಗೆಗೆ ಹತ್ತುತ್ತದೆ. ‘ಯು ಆರ್ ಸ್ಟಿಲ್ ದಿ ಒನ್’ ಕಂಟ್ರಿ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ, ಎಲ್ಲ ಬಗೆಯ ಹಾಡುಗಳೂ ಸೇರಿದ ಅಮೆರಿಕದ ಪಟ್ಟಿ ಹಾಟ್ 100ರಲ್ಲಿ ಎರಡನೆಯದಕ್ಕೆ ಏರಿತ್ತು. ಆದರೆ ಎಚ್ಚರ: ಹೊರದೇಶಗಳಿಗೆಂದು ಮಾಡಿದ ಆವೃತ್ತಿಯಲ್ಲಿ ಪಿಟೀಲು, ಸ್ಟೀಲ್ ಗಿಟಾರ್ ಹಿಂದೆ ಸರಿದಿವೆ. ಕಂಟ್ರಿಯ ಸೊಗಡು ಬೇಕೆಂದರೆ ಮೊದಲ ಆವೃತ್ತಿಯನ್ನೇ ಹುಡುಕಿ.

ನನ್ನ ಒಲವು ಮಾತ್ರ ‘ಫ್ಲೈ’ ಕಡೆಗೆ. ಎಮಿಲಿ ಬ್ಯಾಂಜೊ ಮೀಟುತ್ತಾರೆ, ಅಕ್ಕ ಮಾರ್ಟಿ ಪಿಟೀಲು ನುಡಿಸುತ್ತಾರೆ, ನಟಾಲಿ ಮೇನ್ಸ್ ಕಂಠ ಬಿಚ್ಚಿ ಹಾಡುತ್ತಾರೆ. ‘ಕೌಬಾಯ್ ಟೇಕ್ ಮಿ ಅವೇ’ ತಂಗಿಯ ಪ್ರೀತಿಯನ್ನು ಕಂಡು ಅಕ್ಕ ಬರೆದ ಹಾಡು; ಹೆಡ್‌ಫೋನ್ ಹಾಕಿ ಕೇಳಿ, ಪಲ್ಲವಿಯಲ್ಲಿ ಮೂರು ಹೆಣ್ಣುದನಿಗಳು ಒಂದರ ಮೇಲೊಂದು ಕೂರುವುದು ಸ್ಪಷ್ಟವಾಗುತ್ತದೆ. 2000ದಲ್ಲಿ ಅದು ಕಂಟ್ರಿ ಪಟ್ಟಿಯ ತುದಿಗೇರಿತು. ‘ಗುಡ್‌ಬೈ ಅರ್ಲ್’ನಲ್ಲಿ ಹೊಡೆಯುವ ಗಂಡನನ್ನು ಇಬ್ಬರು ಗೆಳತಿಯರು ಕೊಂದೇಬಿಡುತ್ತಾರೆ. ಇಂಥ ಕಥೆ ಹೇಳುವ ಎದೆಗಾರಿಕೆ ಶಾನಿಯಾರ ಆಲ್ಬಂನಲ್ಲಿಲ್ಲ.

ಕಾರಿನಲ್ಲಿ ಎಲ್ಲರೂ ಸೇರಿ ಹಾಡಲು ಶಾನಿಯಾ. ರಾತ್ರಿ ಒಬ್ಬರೇ ಕೂತು ಕೇಳಲು ‘ಫ್ಲೈ’. ಈಗ ಹುಡುಕುವಾಗ ‘ದಿ ಚಿಕ್ಸ್’ ಎಂದು ಟೈಪ್ ಮಾಡಿ, 2020ರಲ್ಲಿ ಅವರು ಹೆಸರು ಬದಲಿಸಿಕೊಂಡಿದ್ದಾರೆ.