ಆಪರೇಷನ್‌ಗೆ ಮುಂಚೆ ಮಾತ್ರೆಯ ಹೆಸರು ಹೇಳಿ, ಬರೀ 'ಶುಗರ್ ಮಾತ್ರೆ' ಅನ್ನಬೇಡಿ

ಅಪ್ಪನಿಗೆ ಪಿತ್ತಕೋಶದ ಕಲ್ಲು. ಆಪರೇಷನ್ ಹಿಂದಿನ ಸಂಜೆ ಅನಸ್ತೇಶಿಯಾ ಡಾಕ್ಟರು ವಾರ್ಡಿಗೆ ಬಂದರು. ಬಾಯಿ ತೆರೆಸಿ ನಾಲಿಗೆ ಚಾಚಿಸಿದರು, ಇಸಿಜಿ ನೋಡಿದರು.

"ಏನೇನು ಮಾತ್ರೆ ತಗೋತೀರಿ ಯಜಮಾನ್ರೇ?"

"ಬಿಪಿದು ಒಂದು, ಶುಗರ್‌ದು ಎರಡು ಸಾರ್."

"ನಾಳೆ ಬೆಳಿಗ್ಗೆ ಶುಗರ್ ಮಾತ್ರೆ ಬೇಡ."

ಅಷ್ಟೇ. ಮೂರು ನಿಮಿಷ ಆಗಿರಬಹುದು. ನಾನು ಪಕ್ಕದಲ್ಲೇ ಕಿತ್ತಳೆ ಸುಲಿಯುತ್ತಾ ಸುಮ್ನೆ ಕೂತಿದ್ದೆ. ಮಾತ್ರೆ ಶೀಟುಗಳು ಮನೆಯಲ್ಲಿ, ಫ್ರಿಜ್ ಮೇಲಿನ ಡಬ್ಬಿಯಲ್ಲಿದ್ದವು.

ಆಪರೇಷನ್ ಚೆನ್ನಾಗೇ ಆಯಿತು. ಮರುದಿನ ಬೆಳಿಗ್ಗೆಯಿಂದ ಒಂದೇ ಸಮ ವಾಂತಿ. ಮಧ್ಯಾಹ್ನದ ಹೊತ್ತಿಗೆ ಮಲಗಿದ್ದಲ್ಲೇ ಏದುಸಿರು, ಮೆಟ್ಟಿಲು ಹತ್ತಿ ಬಂದವರ ಹಾಗೆ. ಬೆರಳು ಚುಚ್ಚಿ ನೋಡಿದರೆ ಶುಗರ್ 168. "ಶುಗರ್ ಪರವಾಗಿಲ್ಲ, ಅನಸ್ತೇಶಿಯಾದಿಂದ ವಾಂತಿ ಬರತ್ತೆ" ಅಂದರು ವಾರ್ಡಿನವರು. ಅರ್ಧ ದಿನ ಹಾಗೇ ಹೋಯಿತು.

ಸಂಜೆ ಡ್ಯೂಟಿಗೆ ಬಂದ ಡಾಕ್ಟರು ಮಾತ್ರೆಯ ಹೆಸರು ಕೇಳಿದರು. ತಂಗಿ ಮನೆಯಿಂದ ಶೀಟಿನ ಫೋಟೋ ಕಳಿಸಿದಳು: ಡಪಾಗ್ಲಿಫ್ಲೋಜಿನ್. ರಕ್ತದಲ್ಲಿ ಕೀಟೋನ್ (ಕೊಬ್ಬು ಕರಗಿದಾಗ ಹುಟ್ಟುವ ಆಮ್ಲ) ಪರೀಕ್ಷೆ ಮಾಡಿಸಿದರು. ಅಲ್ಲಿಂದ ಸೀದಾ ಐಸಿಯು. ಇನ್ಸುಲಿನ್, ಗ್ಲೂಕೋಸ್ ಡ್ರಿಪ್, ಮೂರು ದಿನ.

ಈ ಮಾತ್ರೆ ಸಕ್ಕರೆಯನ್ನು ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಉಪವಾಸ, ಆಪರೇಷನ್ ಎರಡೂ ಸೇರಿದರೆ ದೇಹ ಕೊಬ್ಬು ಕರಗಿಸಲು ಶುರು ಮಾಡುತ್ತದೆ, ರಕ್ತ ಆಮ್ಲ ಆಗುತ್ತದೆ. ಶುಗರ್ ಮಾತ್ರ ಎಷ್ಟೋ ಸಲ ಜಾಸ್ತಿ ತೋರಿಸುವುದೇ ಇಲ್ಲ, ಮೋಸ ಹೋಗುವುದೇ ಅಲ್ಲಿ. ಮೊದಲೇ ಗೊತ್ತಿರುವ ಆಪರೇಷನ್ ಆದರೆ ಇದನ್ನು ಕನಿಷ್ಠ 3 ದಿನ ಮುಂಚೆ ನಿಲ್ಲಿಸಬೇಕು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2020ರಲ್ಲೇ ಹೇಳಿದೆ. ಇದೇ ಗುಂಪಿನ ಎಂಪಾಗ್ಲಿಫ್ಲೋಜಿನ್‌ಗೂ ಅಷ್ಟೇ. ನೀವೇ ನಿಲ್ಲಿಸಲು ಹೋಗಬೇಡಿ, ಡಾಕ್ಟರನ್ನು ಕೇಳಿ. ಮೆಟ್‌ಫಾರ್ಮಿನ್ ಎಂಬ ಇನ್ನೊಂದು ಶುಗರ್ ಮಾತ್ರೆಯ ಜೊತೆ ಸೇರಿಸಿಯೂ ಮಾರುತ್ತಾರೆ, ಶೀಟಿನ ಹಿಂದಿನ ಸಣ್ಣಕ್ಷರ ಓದಿ. ಹಾರ್ಟ್‌ಗೂ ಇದೇ ಮಾತ್ರೆ ಕೊಡುತ್ತಾರೆ.

ಹಾಗಾಗಿ ಹಿಂದಿನ ಸಂಜೆ ನೋಡುವುದು ತೀರಾ ತಡ. ಒಂದು ವಾರ ಮುಂಚೆಯೇ ಅನಸ್ತೇಶಿಯಾ ಡಾಕ್ಟರಿಗೆ ತೋರಿಸಿ, ಮಾತ್ರೆ ಶೀಟು, ಹಳೇ ರಿಪೋರ್ಟು ಎಲ್ಲ ಒಂದು ಕವರ್‌ಗೆ ಹಾಕಿಕೊಂಡು ಹೋಗಿ.

ಡಿಸ್ಚಾರ್ಜ್ ದಿನ ಫೈಲ್ ನೋಡಿದೆ. 'ಎಎಸ್ಎ 2' ಎಂದು ಬರೆದಿತ್ತು. ಎಎಸ್ಎ ಎಂದರೆ ಆಪರೇಷನ್ನಿಗೆ ಮುಂಚೆ ರೋಗಿಯ ಸ್ಥಿತಿ ನೋಡಿ ಅನಸ್ತೇಶಿಯಾ ಡಾಕ್ಟರು ಹಾಕುವ ದರ್ಜೆ. ಅಂದರೆ ಕಾಯಿಲೆ ಇದೆ, ಹತೋಟಿಯಲ್ಲಿದೆ. ಅಪ್ಪನ ಮೂರು ತಿಂಗಳ ಸರಾಸರಿ ಶುಗರ್, ಎಚ್‌ಬಿಎ1ಸಿ, 9.4 ಇತ್ತು. ಹತೋಟಿ ತಪ್ಪಿದ ಶುಗರ್‌ಗೆ 3 ಹಾಕಬೇಕಲ್ವಾ ಸಾರ್ ಅಂದೆ ಅನಸ್ತೇಶಿಯಾ ಡಾಕ್ಟರಿಗೆ. "ಆ ರಿಪೋರ್ಟ್ ನೀವು ತೋರಿಸಲಿಲ್ಲ" ಅಂದರು. ನಿಜ, ತೋರಿಸಿರಲಿಲ್ಲ. ಅವರೂ ಕೇಳಿರಲಿಲ್ಲ.